ಸೈಕಲ್ ದಾನ ಮಾಡಹೊರಟದ್ದು

ಸಿಟ್ಟು ಬಂದಾಗ ಬಾಯಿ ಮುಚ್ಚಿಕೊಂಡಿರಬೇಕು ಎಂದು ಬಲ್ಲವರು ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಯಾರೂ ನವಿ ಮುಂಬಯಿಯ ಹೌಸಿಂಗ್ ಸೊಸೈಟಿಯಲ್ಲಿ ಸಂಸಾರ ಮಾಡಿದವರಲ್ಲ ಎಂಬುದು ನನ್ನ ಗುಮಾನಿ. ನನಗೆ ಸಿಟ್ಟು ಜಾಸ್ತಿ. ವಾಶಿಯ ಆಫೀಸಿನಲ್ಲಿ ಅದನ್ನು ತೋರಿಸುವ ಧೈರ್ಯವಿಲ್ಲದ್ದರಿಂದ ಜೋಪಾನವಾಗಿ ಘಣಸೋಲಿಯ ಮನೆಗೆ ತರುತ್ತೇನೆ. ಮನೆಯಲ್ಲಿ ನನ್ನ ಹೆಂಡತಿ ಶಾರದೆ ಅದಕ್ಕೆ ಕವಡೆ ಕಾಸಿನ ಕಿಮ್ಮತ್ತು ಕೊಡುವುದಿಲ್ಲ. ಹೀಗಾಗಿ ಅದು ನನ್ನಲ್ಲೇ ಉಳಿದು ದಿನೇದಿನೇ ಬಲಿಯುತ್ತದೆ.

ಈ ಸಲ ಅದಕ್ಕೆ ಕಾರಣವಾದದ್ದು ನನ್ನ ಹಳೆಯ ಗೇರ್ ಸೈಕಲ್. ದಪ್ಪ ಟಯರಿನ, ಗುಡ್ಡ ಹತ್ತುವವರಿಗೆಂದೇ ಮಾಡಿದ, ಮೌಂಟನ್ ಬೈಕ್ ಎಂದು ಕರೆಸಿಕೊಳ್ಳುವ ಜಾತಿಯದು. ಒಂದು ಕಾಲದಲ್ಲಿ ಭಾನುವಾರ ಬೆಳಿಗ್ಗೆ ಅದನ್ನೇರಿ ಖಾರ್ಘರಿನ ಗುಡ್ಡ ಹತ್ತುತ್ತಿದ್ದೆ. ಹತ್ತುತ್ತಿದ್ದೆ ಎಂದರೆ, ಅರ್ಧ ದಾರಿ ಅದರ ಮೇಲೆ ಕುಳಿತು, ಉಳಿದರ್ಧ ಅದನ್ನು ತಳ್ಳಿಕೊಂಡು. ಆದರೂ ಮೇಲೆ ನಿಂತು ನೋಡಿದರೆ ಕೆಳಗಿನ ಊರಿನಲ್ಲಿ ಯಾರ ಮೇಲೂ ನನಗೆ ಕೋಪವಿರುತ್ತಿರಲಿಲ್ಲ. ಆಮೇಲೆ ಮಂಡಿ ಕೈಕೊಟ್ಟಿತು. ಇನ್ನು ಏರು ಹತ್ತಬೇಡಿ ಎಂದರು ಡಾಕ್ಟರು. ಸೈಕಲ್ಲು ಪಾರ್ಕಿಂಗಿನ ಕಂಬಕ್ಕೆ ಕಟ್ಟಿಹಾಕಿದ ಎಮ್ಮೆಯಂತೆ ನಿಂತೇಬಿಟ್ಟಿತು.

ಒಂದು ಸಂಜೆ ಸೊಸೈಟಿಯ ಸೆಕ್ರೆಟರಿ ಪಾಟೀಲರು ಲಿಫ್ಟಿನ ಬಳಿ ನನ್ನನ್ನು ತಡೆದರು. “ರಾವ್ ಸಾಹೇಬ್, ವೋ ಸೈಕಲ್ ಕಿಸೀಕೋ ದಾನ್ ದೇ ದೋ. ಪುಣ್ಯ ಮಿಲೇಗಾ.” ಯಾರಿಗಾದರೂ ಕೊಟ್ಟು ನಾನು ಪುಣ್ಯ ಕಟ್ಟಿಕೊಳ್ಳಬೇಕಂತೆ. ನನ್ನ ಪುಣ್ಯದ ಚಿಂತೆ ಇವರಿಗೇಕೆ? ಅವರ ಮಗ ಹೊಸ ಮೋಟರ್‌ಸೈಕಲ್ ತಂದಿದ್ದ, ಅದಕ್ಕೆ ಜಾಗ ಬೇಕಿತ್ತು. ಉರಿದುಕೊಂಡು ಮೇಲೆ ಬಂದು ಶಾರದೆಯ ಮುಂದೆ ಕೂಗಾಡಿದೆ.

“ಇಟ್ಟುಕೊಂಡು ಎಂತ ಮಾಡ್ತೀರಿ? ಓಡಿಸುವುದಿಲ್ಲ, ಒರೆಸುವುದೂ ಇಲ್ಲ” ಎಂದಳು.

“ಹಾಗಂತ ಕೊಟ್ಟುಬಿಡುವುದಾ?”

“ಹಾಗಾದ್ರೆ ಇಟ್ಟುಕೊಳ್ಳಿ.”

“ಇಟ್ಟುಕೊಂಡು ಎಂತ ಮಾಡುವುದು?” ಎಂದೆ. ಅವಳು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದಳು.

ಕೊನೆಗೆ ಅವಳ ತಮ್ಮ ಸುಧಾಕರನಿಗೆ ಕೊಡುವುದೆಂದು ತೀರ್ಮಾನಿಸಿದೆ. ಅವನು ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಟಿಟ್ವಾಳಾದಲ್ಲಿ ಮನೆ, ಅಲ್ಲಿಂದ ಸ್ಟೇಷನ್ನಿಗೆ ದಿನಾ ನಡೆದೇ ಬರುತ್ತಾನೆ. ರಜೆಯ ದಿನ ಬಂದವನು ಸೈಕಲ್ಲಿಗೆ ಪ್ರದಕ್ಷಿಣೆ ಹಾಕಿ, “ಭಾವ, ಕ್ಯಾರಿಯರ್ ಎಲ್ಲುಂಟು?” ಎಂದ.

“ಇಂಥದ್ದಕ್ಕೆ ಇರುವುದಿಲ್ಲ.”

“ಸ್ಟ್ಯಾಂಡೂ ಇಲ್ಲ. ಮಡ್‌ಗಾರ್ಡೂ ಇಲ್ಲವಾ? ಮಳೆಗಾಲದಲ್ಲಿ ಬೆನ್ನೆಲ್ಲ ಕೆಸರು. ನಾನು ಕೌಂಟರಿನಲ್ಲಿ ಕೂರುವ ಜನ, ಭಾವ. ಮತ್ತೆ ಟಿಟ್ವಾಳಾದವರೆಗೆ ಟೆಂಪೋ ನೀವು ಮಾಡಿಕೊಡ್ತೀರಾ?”

ದಾನ ಕೊಟ್ಟ ದನದ ಹಲ್ಲು ಎಣಿಸುವವರ ಗಾದೆ ಕೇಳಿದ್ದೆ. ಇವನು ದವಡೆಗೇ ಕೈಹಾಕಿದ್ದ. “ಯಾರಿಗೂ ಕೊಡುವುದಿಲ್ಲ. ಇಲ್ಲೇ ತುಕ್ಕು ಹಿಡಿದು ಸಾಯಲಿ” ಎಂದು ಇಡೀ ಪಾರ್ಕಿಂಗಿಗೆ ಕೇಳುವಂತೆ ಕಿರುಚಿದೆ.

“ನನಗೆ ಕೊಡಿ” ಎಂದಳು ಹಿಂದೆ ನಿಂತಿದ್ದ ಶಾರದೆ.

ತಮಾಷೆ ಎಂದುಕೊಂಡೆ. ಆದರೆ ಅವಳ ಕೈ ಹ್ಯಾಂಡಲಿನ ಮೇಲಿತ್ತು. “ಊರಲ್ಲಿ ಅಣ್ಣಂದಿರು ಅವರ ಸೈಕಲ್ ಮುಟ್ಟಲಿಕ್ಕೆ ಬಿಡಲಿಲ್ಲ. ಇಲ್ಲಿ ನೀವು ಇಡುವುದಾ ಕೊಡುವುದಾ ಅಂತ ಎಲ್ಲರ ಹತ್ತಿರ ಜಗಳ ಮಾಡಿದಿರಿ. ನಿನಗೆ ಬೇಕಾ ಅಂತ ಕೇಳಲಿಲ್ಲ.”

“ಈ ಪ್ರಾಯದಲ್ಲಿ ಬಿದ್ದರೆ?”

“ಬಿದ್ದರೆ ಏಳುವುದು.”

ಇಷ್ಟು ಸಣ್ಣ ಉತ್ತರಕ್ಕೆ ಎಷ್ಟು ಸಿಟ್ಟು ಬರುತ್ತದೆ ಎಂಬುದು ಮದುವೆಯಾದವರಿಗೆ ಗೊತ್ತು. ಆದರೂ ಕಲಿಸುವ ಜವಾಬ್ದಾರಿ ನಾನೇ ಹೊತ್ತೆ. ನಮ್ಮ ಸೆಕ್ಟರಿನ ಹಿಂದಿನ ಖಾಲಿ ರಸ್ತೆಯಲ್ಲಿ ಅವಳು ಪೆಡಲಿಗೆ ಕಾಲಿಡುವ ಮೊದಲೇ ನಾನು “ಬ್ರೇಕ್, ಬ್ರೇಕ್” ಎಂದು ಅರಚಿಕೊಂಡೆ. ಅವಳು ಇಳಿದು, “ನೀವು ಬೇಡ, ಸುಧಾಕರ ಕಲಿಸಲಿ” ಎಂದಳು. ನನ್ನ ಸೈಕಲ್ಲಿನಲ್ಲಿ ಅಷ್ಟು ಐಬು ಹುಡುಕಿದ ಮನುಷ್ಯ ಹೋಟೆಲಿನ ರಜೆ ಬದಲಿಸಿಕೊಂಡು ಭಾನುವಾರ ಭಾನುವಾರ ಟಿಟ್ವಾಳಾದಿಂದ ಬಂದು ಅಕ್ಕನ ಹಿಂದೆ ಸೀಟು ಹಿಡಿದು ಓಡಿದ. ನನ್ನನ್ನು ಒಂದು ಮಾತೂ ಕೇಳದೆ ಆ ಸೀಟನ್ನು ತಗ್ಗಿಸಿದರು. ನಾನು ಫುಟ್‌ಪಾತಿನ ಮೇಲೆ ಅವಳ ನೀರಿನ ಬಾಟಲಿ ಹಿಡಿದು ಹಲ್ಲು ಕಡಿಯುತ್ತಾ ನಿಲ್ಲುತ್ತಿದ್ದೆ.

ಮೊನ್ನೆ ಸುಧಾಕರ ಸೀಟಿನಿಂದ ಕೈಬಿಟ್ಟ. ಅವಳಿಗೆ ಗೊತ್ತೇ ಆಗಲಿಲ್ಲ. ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು, ತುಟಿ ಕಚ್ಚಿಕೊಂಡು, ನನ್ನ ಎದುರಿನಿಂದಲೇ ನನ್ನತ್ತ ನೋಡದೆ ಹೋದಳು. “ಸಾಕು, ತಿರುಗಿಸು” ಎಂದು ಕೂಗಿದೆ. ಅಷ್ಟರಲ್ಲಿ ಮುಖ್ಯ ರಸ್ತೆಯ ತಿರುವು ದಾಟಿದ್ದಳು. ಹಿಂದೆ ಓಡೋಣವೆಂದರೆ ಮಂಡಿ ಕೇಳಲಿಲ್ಲ. ಸುಧಾಕರ ನಕ್ಕು, “ಬರ್ತಾಳೆ ಭಾವ” ಎಂದು ಚಹಾ ಕುಡಿಯಲು ಹೋದ.

ಕಾದು ಸಾಕಾಗಿ ದುಸುಮುಸು ಮಾಡುತ್ತಾ ಮನೆಗೆ ಬಂದೆ. ಬೀಗದ ಕೈ ಅವಳ ಹತ್ತಿರವಿತ್ತು. ಮುಚ್ಚಿದ ಬಾಗಿಲಿನ ಮುಂದೆ ಮೆಟ್ಟಿಲ ಮೇಲೆ ಕುಳಿತು, ಬಂದ ಕೂಡಲೇ ಅವಳಿಗೆ ಏನೇನು ಬೈಯಬೇಕೆಂದು ಯೋಚಿಸತೊಡಗಿದೆ. ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು.