ಉಮಾಕಾಂತನ ನೂರು ಪಾಯಿಂಟು

ಉಮಾಕಾಂತನ ಕಷ್ಟ ಶುರುವಾದದ್ದು ಯಾರೂ ಏನೂ ಹೇಳದೇ ಇದ್ದದ್ದರಿಂದ. ಯಾರಾದರೂ ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಹೊಗಳಿದ್ದರೆ ಹಿಗ್ಗುತ್ತಿದ್ದ. ಆದರೆ ಹದಿನಾಲ್ಕು ದಿನಗಳ ಹಿಂದೆ ತಾನು ಬರೆದ ಪಠ್ಯಕ್ರಮದ ಕರಡನ್ನು ಅಭಿಪ್ರಾಯಕ್ಕೆಂದು ಕಾಲೇಜಿನವರಿಗೆಲ್ಲ ಕಳಿಸಿದ್ದವನಿಗೆ, ಕಡೆಯ ದಿನವಾದ ಆ ಗುರುವಾರ ಬೆಳಿಗ್ಗೆ ಎಂಟು ಗಂಟೆಯವರೆಗೆ ಬಂದಿದ್ದ ಉತ್ತರ ಒಂದೇ ಒಂದು. ಅದೂ "ನಾನು ರಜೆಯಲ್ಲಿದ್ದೇನೆ" ಎಂದು ಯಾರದೋ ಕಂಪ್ಯೂಟರು ತಾನಾಗಿಯೇ ಕಳಿಸಿದ್ದು.

ಉಮಾಕಾಂತ ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹಿಡಿದುಹಾಕುತ್ತಿದ್ದ. ಹೆಂಡತಿ ವೈದೇಹಿಗೆ ಟ್ರೋಲ್‌ಹೆಟ್ಟನ್ನಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತೆಂದು ಅವಳ ಜೊತೆ ಸ್ವೀಡನ್ನಿಗೆ ಬಂದಿದ್ದ. ನಾಲ್ಕು ವರ್ಷದಿಂದ ಊರಿನ ವಯಸ್ಕರ ಕಾಲೇಜೊಂದರಲ್ಲಿ ಗಂಟೆ ಲೆಕ್ಕದ ಬದಲಿ ಮೇಷ್ಟ್ರು. ಖಾಯಂ ಮೇಷ್ಟ್ರಿಗೆ ನೆಗಡಿಯಾದರೆ ಇವನಿಗೆ ಪಾಠ, ಅವರು ಗಟ್ಟಿಮುಟ್ಟಾಗಿದ್ದರೆ ಇವನಿಗೆ ಮನೆ. ಪಾಪ, ಯಾರಿಗೂ ಕೆಟ್ಟದ್ದು ಬಯಸುವ ಮನುಷ್ಯನಲ್ಲ. ಆದರೂ ನವೆಂಬರ್ ಬಂತೆಂದರೆ ಯಾರಾದರೂ ಸೀನಿದ ಕಡೆ ಅವನ ಕಿವಿ ತಾನಾಗಿಯೇ ನಿಮಿರುತ್ತಿತ್ತು.

ಈ ಸಲ ಅದೃಷ್ಟ ಕಣ್ಣು ತೆರೆದಿತ್ತು. ಅಳತೆ ಬಲ್ಲ ಕೆಲಸಗಾರರಿಗೆ ಊರಿನಲ್ಲಿ ಬೇಡಿಕೆ ಬಂದಿದ್ದರಿಂದ ಪ್ರಿನ್ಸಿಪಾಲ್ ಮಾರ್ಗರೇತಾ ಇವನನ್ನೇ ಕರೆದು, "ಒಂದು ಕೋರ್ಸು ಬರೆ. ಮಂಜೂರಾದರೆ ಅದರ ಜೊತೆಗೆ ಒಂದು ಖಾಯಂ ಹುದ್ದೆ ಇದೆ" ಎಂದಿದ್ದಳು. ಉಮಾಕಾಂತ ಮೂರು ತಿಂಗಳು ಕೂತು 'ಅಳತೆ ಮತ್ತು ತಪಾಸಣೆ' ಎಂಬ ಕೋರ್ಸು ಬರೆದ. ಸರ್ಕಾರದ ನಿಯಮ ಬಲು ಬಿಗಿ. ಒಳಗಿನ ಪ್ರತಿ ವಿಷಯಕ್ಕೂ ಇಷ್ಟಿಷ್ಟು ಪಾಯಿಂಟೆಂದು ಹಂಚಿ, ಕೋರ್ಸು ಒಟ್ಟು ಸರಿಯಾಗಿ ನೂರು ಪಾಯಿಂಟಿನದಾಗಿರಬೇಕು, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ. ವಿದ್ಯಾರ್ಥಿ 'ಅರಿತುಕೊಳ್ಳುತ್ತಾನೆ' ಎಂದೆಲ್ಲ ಬರೆಯುವ ಹಾಗಿಲ್ಲ, ಏನನ್ನು ಮಾಡಿ ತೋರಿಸುತ್ತಾನೆ ಎಂದೇ ಬರೆಯಬೇಕು. ಹದಿನಾಲ್ಕು ದಿನ ಸಹೋದ್ಯೋಗಿಗಳ ಅಭಿಪ್ರಾಯಕ್ಕೆ ಇಡಬೇಕು. ಆಮೇಲೆ ಪ್ರಿನ್ಸಿಪಾಲರೂ ಇನ್ನು ನಾಲ್ವರೂ ಇರುವ ಸಮಿತಿ. ಆ ಸಮಿತಿ ಸೇರುವುದು ಅದೇ ಗುರುವಾರ ಮಧ್ಯಾಹ್ನ ಮೂರಕ್ಕೆ.

"ಒಬ್ರೂ ಮಾತಾಡ್ತಿಲ್ವಲ್ಲೇ" ಎಂದ ಉಮಾಕಾಂತ, ಉಪ್ಪಿಟ್ಟು ಕೆದಕುತ್ತಾ.

"ಮಾರ್ಗರೇತಾನೇ ಹೋಗಿ ಕೇಳ್ಬಿಡಿ. ರೂಮಿನ ಬಾಗಿಲು ತೆಗೆದೇ ಇರತ್ತೆ ಅಂತೀರಲ್ಲ" ಎಂದಳು ವೈದೇಹಿ, ಬೂಟು ಹಾಕಿಕೊಳ್ಳುತ್ತಾ.

"ಪ್ರಿನ್ಸಿಪಾಲರ ಹತ್ರ ಹೋಗಿ ನನ್ನ ಫೈಲ್ ಏನಾಯ್ತು ಅಂತ ಕೇಳಕ್ಕಾಗತ್ತೇನೇ? ಮರ್ಯಾದೆ ಇರತ್ತಾ?"

ವೈದೇಹಿ ಲ್ಯಾಬಿಗೆ ಹೋದಳು. ಉಮಾಕಾಂತ ಮೆಟ್ಟಿಲು ಹತ್ತಿ ಮೇಲಿನ ಮನೆಯ ಪ್ರಭಾಕರನ ಬೆಲ್ಲು ಒತ್ತಿದ. ಅಲ್ಲಿಂದಲೇ ಎಡವಟ್ಟು. ಪ್ರಭಾಕರ ಹತ್ತಿರದ ದೊಡ್ಡ ಊರು ಯೋಥೆಬೋರಿಯ ಲಿಂಡ್‌ಹೋಲ್ಮೆನ್ ಬಡಾವಣೆಯಲ್ಲಿ ಸಾಫ್ಟ್‌ವೇರ್ ಮ್ಯಾನೇಜರು, ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಸ್ವೀಡನ್ನಿಗೆ ಬಂದು ಹದಿನಾರು ವರ್ಷವಾಗಿದ್ದರಿಂದ ಈ ದೇಶದ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಯಾವುದೂ ಉಳಿದಿರಲಿಲ್ಲ. ಕೇಳದಿದ್ದರೂ ಹೇಳುವವನು, ಕೇಳಿದರೆ ಬಿಡುತ್ತಾನೆಯೇ?

"ಹದಿನಾಲ್ಕು ದಿನ ಸೈಲೆಂಟಾ? ಮುಗೀತು ಬಿಡಯ್ಯಾ" ಎಂದ ಪ್ರಭಾಕರ.

"ಅಲ್ಲ ಸಾರ್, ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ?"

"ಅದು ಮದುವೆ ಹುಡುಗೀಗೆ ಕಣಯ್ಯಾ, ಸ್ವೀಡಿಷ್ ಕಮಿಟಿಗಲ್ಲ. ಇವ್ರು ಮುಖದ ಮೇಲೆ ಬೇಡ ಅನ್ನಲ್ಲ. ಒಳಗೊಳಗೇ ಕತ್ತಿ ಮಸೀತಿರ್ತಾರೆ. ಮೂರು ಗಂಟೆ ಒಳಗೆ ಒಬ್ಬೊಬ್ಬರನ್ನೂ ಹಿಡಿದು ಬಾಯಿ ಬಿಡಿಸು. ಏನ್ ಹೇಳಿದ್ರೂ ಆಯ್ತು ಅಂತ ಸೇರಿಸ್ಕೋ. ನಾಲ್ಕು ಜನಾನ ಒಳಗೆ ಹಾಕ್ಕೊಂಡ್ರೆ ನಾಲ್ಕು ವೋಟು. ಅಂದಹಾಗೆ, ಎಐ ಹಾಕಿದೀಯಾ?"

"ಮೈಕ್ರೋಮೀಟರ್ ಹಿಡಿಯೋದಕ್ಕೆ ಎಐ ಯಾಕೆ ಸಾರ್?"

"ಎಐ ಇಲ್ದೇ ಇರೋ ಕೋರ್ಸು ಉಪ್ಪಿಲ್ದೇ ಇರೋ ಸಾರು. ಹದಿನೈದು ಪಾಯಿಂಟು ಬಿಸಾಕು ಅದಕ್ಕೆ."

ಉಮಾಕಾಂತ ಹದಿನೈದು ಪಾಯಿಂಟು ಬಿಸಾಕಿ ಕಾಲೇಜಿಗೆ ಓಡಿದ.

ಮೊದಲು ಸಿಕ್ಕವಳು ಸ್ವೀಡಿಷ್ ಭಾಷೆಯ ಟೀಚರ್ ಗುನಿಲ್ಲಾ. ಸಮಿತಿಯಲ್ಲಿದ್ದಳು. ಮಾತುಕತೆ ನಡೆದದ್ದು ಸ್ವೀಡಿಷಿನಲ್ಲಿ, ನಮ್ಮ ಅನುಕೂಲಕ್ಕೆ ಕನ್ನಡದಲ್ಲೇ ಕೇಳೋಣ.

"ಗುನಿಲ್ಲಾ, ನನ್ನ ಕೋರ್ಸು ನೋಡಿದೆಯಾ?"

"ನೋಡಿದೆ. ಚೆನ್ನಾಗಿದೆ."

ಅಲ್ಲಿಗೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. 'ಚೆನ್ನಾಗಿದೆ' ಎಂದು ಚುಟುಕಾಗಿ ಹೇಳಿದ್ದರಲ್ಲೇ ಉಮಾಕಾಂತನಿಗೆ ಕತ್ತಿ ಮಸೆಯುವ ಸದ್ದು ಕೇಳಿಸಿತು.

"ಹಾಗಲ್ಲ, ಮನಸ್ಸಿನಲ್ಲಿರೋದನ್ನ ಹೇಳು. ನನಗೇನೂ ಬೇಜಾರಿಲ್ಲ. ಏನಾದರೂ ಒಂದು ಕೊರತೆ?"

ಇಷ್ಟು ಆಸೆಯಿಂದ ಕೇಳುವವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಗುನಿಲ್ಲಾ ಯೋಚಿಸಿದಳು. ಕೂತು ಕಾಫಿ ಕುಡಿಯೋಣ ಎಂದಳು. ಕಾಫಿ ಮುಗಿಯುವ ಹೊತ್ತಿಗೆ, ತಪಾಸಣೆಯ ವರದಿ ಬರೆಯಲು ಒಳ್ಳೆಯ ಸ್ವೀಡಿಷ್ ಬೇಕಲ್ಲವೇ ಎಂಬ ವಿಚಾರ ಅವಳಿಗೆ ಹೊಳೆದಿತ್ತು. "ಇಪ್ಪತ್ತೈದು ಪಾಯಿಂಟ್ ಭಾಷೆಗೆ ಕೊಡಬಹುದೇನೋ?"

"ಆಯ್ತು" ಎಂದ ಉಮಾಕಾಂತ.

ಆಮೇಲೆ ವ್ಯಾಯಾಮದ ಮೇಷ್ಟ್ರು ತೂರ್‌ಬ್ಯೋರ್ನ್. ಆರೂವರೆ ಅಡಿ ಆಳು, ಅರ್ಧ ಸಂಬಳದ ಅರ್ಧ ದಿನದ ನೌಕರ. ಅವನು ಕರಡನ್ನು ಓದಿಯೇ ಇರಲಿಲ್ಲ. ಪಾಪ, ಅದನ್ನು ಒಪ್ಪಿಕೊಳ್ಳಲು ನಾಚಿಕೊಂಡು ಕಾಫಿ ಬಗ್ಗಿಸಿಕೊಟ್ಟ.

"ಅಳತೆ ಮಾಡುವವರು ದಿನವಿಡೀ ಬಗ್ಗಿಕೊಂಡೇ ಇರ್ತಾರಲ್ಲವಾ?"

"ಹೌದು."

"ಬೆನ್ನಿನ ಗತಿ ಏನು?"

ಬೆನ್ನಿನ ಗತಿಯನ್ನು ಉಮಾಕಾಂತ ಯೋಚಿಸಿರಲಿಲ್ಲ. ತೂರ್‌ಬ್ಯೋರ್ನ್ ಮೂವತ್ತು ಪಾಯಿಂಟು ಕೇಳಿ, ಕಲಿಕೆಯ ಗುರಿಯನ್ನು ನಿಂತಲ್ಲೇ ಹೇಳಿ ಬರೆಸಿದ: 'ವಿದ್ಯಾರ್ಥಿಯು ಮೊಣಕಾಲು ಮಡಿಸದೆ ಕಾಲ್ಬೆರಳನ್ನು ಮುಟ್ಟಿ ತೋರಿಸುತ್ತಾನೆ.' ಸರ್ಕಾರದ ನಿಯಮಕ್ಕೆ ಇದಕ್ಕಿಂತ ಒಪ್ಪುವ ವಾಕ್ಯ ಇಡೀ ಕರಡಿನಲ್ಲಿ ಇರಲಿಲ್ಲ. ಬರೆಸಿದ್ದು ಸಾಲದೆಂದು "ಎಲ್ಲಿ, ನೀನೇ ಒಂದು ಸಲ ಮಾಡು" ಎಂದ. ದಾಕ್ಷಿಣ್ಯಕ್ಕೆ ಬಸಿರಾದವರುಂಟು, ಇವನು ಬಗ್ಗುವುದೇನು ಮಹಾ? ಬಗ್ಗಿದ. ಸೊಂಟ ಹಿಡಿದುಕೊಂಡಿತು.

"ಅಯ್ಯಪ್ಪಾ!" ಎಂದು ಅಪ್ಪಟ ಕನ್ನಡದಲ್ಲಿ ಕಿರುಚಿದ.

"ನೋಡಿದೆಯಾ? ಇದಕ್ಕೇ ನಾನು ಹೇಳಿದ್ದು" ಎಂದ ತೂರ್‌ಬ್ಯೋರ್ನ್ ಸಂತೋಷದಿಂದ.

ಅಲ್ಲಿಂದ ಉಮಾಕಾಂತ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಗ್ಗಿಕೊಂಡೇ ಕ್ಯಾಂಟೀನಿಗೆ ನಡೆದ. ಅಡಿಗೆಯ ಉಸ್ತುವಾರಿ ಸಿರ್ಪಾ ನೌಕರರ ಪ್ರತಿನಿಧಿಯಾಗಿ ಸಮಿತಿಯಲ್ಲಿದ್ದಳು. ಏಳು ವರ್ಷದಿಂದ ಸಮಿತಿಯಲ್ಲಿ ಬಾಯಿ ತೆರೆದವಳಲ್ಲ, ತೆರೆಯಬೇಕೆಂದು ಯಾರೂ ಅವಳನ್ನು ಕೇಳಿಯೂ ಇರಲಿಲ್ಲ. ಈ ಬಗ್ಗಿದ ಮನುಷ್ಯ ಬಂದು ವಿನಯದಿಂದ ಅಭಿಪ್ರಾಯ ಕೇಳಿದಾಗ ಅವಳ ಕಣ್ಣು ಒದ್ದೆಯಾಯಿತು. ಕಾಫಿ ಕೊಟ್ಟಳು, ಏಲಕ್ಕಿ ಬನ್ನು ಕೊಟ್ಟಳು. ಆಮೇಲೆ ಏಳು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದಳು.

"ಯಾರೂ ಲೋಟ ತೊಳೆಯೋದಿಲ್ಲ, ಉಮಾಕಾಂತ."

ಹತ್ತು ಪಾಯಿಂಟು. 'ವಿದ್ಯಾರ್ಥಿಯು ತಾನು ಕುಡಿದ ಲೋಟವನ್ನು ತಾನೇ ತೊಳೆದಿಡುತ್ತಾನೆ.'

ಉಳಿದವನು ವಿದ್ಯಾರ್ಥಿ ಪ್ರತಿನಿಧಿ ರೂನೆ. ವಿದ್ಯಾರ್ಥಿಯೆಂದರೆ ಅರವತ್ತೆರಡು ವರ್ಷದ ಮಾಜಿ ಬಸ್ ಡ್ರೈವರು. ಕಾಲುವೆಯ ದಂಡೆಯ ಬೆಂಚಿನಲ್ಲಿ ಕೂತಿದ್ದ. ಅವನ ಪಕ್ಕದಲ್ಲೂ ಕಾಫಿಯ ಫ್ಲಾಸ್ಕಿತ್ತು. ಬದುಕಿನಲ್ಲಿ ಸುಮ್ಮನೆ ಕೂತು ಯೋಚಿಸಲು ಯಾವ ಕೋರ್ಸಿನಲ್ಲೂ ಸಮಯ ಕೊಡುವುದಿಲ್ಲ ಎಂದು ರೂನೆ ನೊಂದುಕೊಂಡ. ಸುಮ್ಮನೆ ಕೂರುವುದಕ್ಕೆ ಹನ್ನೆರಡು ಪಾಯಿಂಟು ಹೋಯಿತು.

ಒಂದೂವರೆಗೆ ಉಮಾಕಾಂತ ಕಂಪ್ಯೂಟರಿನ ಮುಂದೆ ಕೂತ. ಸೊಂಟ ಬಗ್ಗಿದ್ದು ಏಳುತ್ತಿರಲಿಲ್ಲ. ಹೊಸದನ್ನೆಲ್ಲ ತುಂಬಿದರೆ ಮೊತ್ತ ನೂರತೊಂಬತ್ತೆರಡು! ಪರದೆ ಕೆಂಪಗಾಗಿ 'ನೂರು ಮೀರುವಂತಿಲ್ಲ' ಎಂದಿತು. ಯಾರದನ್ನು ಕತ್ತರಿಸುವುದು? ಗುನಿಲ್ಲಾಳದನ್ನೇ? ಅವಳಿಗೆ ಆಯ್ತು ಎಂದಾಗಿದೆ. ತೂರ್‌ಬ್ಯೋರ್ನನದನ್ನೇ? ಎದೆ ಬರಲಿಲ್ಲ. ಸಿರ್ಪಾಳ ಕಣ್ಣೀರು ನೆನೆದು ಆ ಕಡೆ ಕೈಯೇ ಹೋಗಲಿಲ್ಲ. ಇಡೀ ಕರಡಿನಲ್ಲಿ ಬೇಜಾರು ಮಾಡಿಕೊಳ್ಳದ ವಿಷಯ ಒಂದೇ, ಅಳತೆ. ಮೈಕ್ರೋಮೀಟರಿನಿಂದ ಕತ್ತರಿಸಿದ, ವರ್ನಿಯರಿನಿಂದ ಕತ್ತರಿಸಿದ, ಗೇಜುಗಳನ್ನು ಪೂರ್ತಿ ತೆಗೆದ. ಮೂರು ತಿಂಗಳ ಬೆವರು ಎಂಟು ಪಾಯಿಂಟಿಗೆ ಬಂದು ನಿಂತಿತು. ಪರದೆ ಹಸಿರಾಯಿತು. ಕೋರ್ಸಿನ ಹೆಸರು ಒಳಗಿನ ವಿಷಯಕ್ಕೆ ಹೊಂದಬೇಕೆಂಬ ನಿಯಮವೂ ಇತ್ತು. 'ಸದೃಢ ದೇಹ, ಸ್ಪಷ್ಟ ಭಾಷೆ ಮತ್ತು ಸ್ವಲ್ಪ ಅಳತೆ' ಎಂದು ಬದಲಾಯಿಸಿ, ಎರಡಕ್ಕೆ ಐದು ನಿಮಿಷವಿದ್ದಾಗ ಕಳಿಸಿದ.

ಮೂರು ಗಂಟೆಗೆ ಸಮಿತಿ ಸೇರಿತು. ಮಾರ್ಗರೇತಾ ಕಾಗದ ತಿರುವಿ ಹುಬ್ಬೇರಿಸಿದಳು.

"ಇದನ್ನ... ಬದಲಾಯಿಸಿದ್ದೀಯಾ?"

"ಎಲ್ಲರ ಅಭಿಪ್ರಾಯ ತಗೊಂಡು" ಎಂದ ಉಮಾಕಾಂತ ಹೆಮ್ಮೆಯಿಂದ.

ಎಲ್ಲರೂ ಒಪ್ಪಿದ ಮೇಲೆ ತನ್ನದೇನೆಂದು ಮಾರ್ಗರೇತಾ ಅದನ್ನು ಮತಕ್ಕೆ ಹಾಕಿದಳು. ಗುನಿಲ್ಲಾ ತಲೆದೂಗಿದಳು. ತೂರ್‌ಬ್ಯೋರ್ನ್ ಮೇಜು ಬಡಿದ. ಸಿರ್ಪಾ ಏಳು ವರ್ಷದಲ್ಲಿ ಮೊದಲ ಸಲ ಬಾಯಿ ತೆರೆದು "ಇಷ್ಟು ಒಳ್ಳೆಯ ಕೋರ್ಸು ನಾನು ನೋಡೇ ಇಲ್ಲ" ಎಂದಳು. ರೂನೆ ಸುಮ್ಮನೆ ಕೂತು ಯೋಚಿಸಿ ಹೌದೆಂದ. ಆರೇ ನಿಮಿಷದಲ್ಲಿ ಕೋರ್ಸು ಸರ್ವಾನುಮತದಿಂದ ಮಂಜೂರು! ಉಮಾಕಾಂತನಿಗೆ ಕಣ್ಣು ತುಂಬಿ ಬಂತು. ನಾಲ್ಕು ವರ್ಷ ಬೇರೆಯವರ ನೆಗಡಿಯ ಮೇಲೆ ಬದುಕಿದ್ದು ಇವತ್ತಿಗೆ ಮುಗಿಯಿತು ಎಂದುಕೊಂಡ.

"ಇನ್ನು ಹುದ್ದೆ" ಎಂದಳು ಮಾರ್ಗರೇತಾ, ಕನ್ನಡಕ ಸರಿಮಾಡಿಕೊಂಡು. "ನಿಯಮದ ಪ್ರಕಾರ ಕೋರ್ಸಿನಲ್ಲಿ ಯಾವ ವಿಷಯಕ್ಕೆ ಹೆಚ್ಚು ಪಾಯಿಂಟೋ, ಆ ವಿಷಯದ ಮೇಷ್ಟ್ರಿಗೆ ಖಾಯಂ. ಅಂದರೆ ಮೂವತ್ತು. ಅಂದರೆ, ತೂರ್‌ಬ್ಯೋರ್ನ್."

ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ತೂರ್‌ಬ್ಯೋರ್ನನೇ. ಅರ್ಧ ದಿನದವನು ಪೂರ್ಣ ದಿನದವನಾಗಿಬಿಟ್ಟಿದ್ದ. ಎದ್ದು ಬಂದು ಉಮಾಕಾಂತನನ್ನು ನೆಲದಿಂದೆತ್ತಿ ಅಪ್ಪಿಕೊಂಡ. "ನಿನ್ನಂಥ ಗೆಳೆಯ ಯಾರಿಗಿದ್ದಾನೆ!" ಆ ಅಪ್ಪುಗೆಗೆ ಹಿಡಿದಿದ್ದ ಸೊಂಟ ಲಟಕ್ಕನೆ ಸರಿಹೋಯಿತು. ಆ ದಿನ ಉಮಾಕಾಂತನಿಗಾದ ಲಾಭ ಅದೊಂದೇ.

ಎಲ್ಲರೂ ಹೋದ ಮೇಲೆ ಅವನು ಮೊದಲ ಬಾರಿಗೆ ಮಾರ್ಗರೇತಾಳ ತೆರೆದ ಬಾಗಿಲು ದಾಟಿದ.

"ನೀನ್ಯಾಕೆ ಬದಲಾಯಿಸಿದೆ?" ಎಂದಳು ಅವಳು. ಮೇಜಿನ ಮೇಲೆ ಅವನ ಹಳೆಯ ಕರಡು ಇತ್ತು, ಕೆಳಗೆ ಅವಳ ಸಹಿ. "ಬೆಳಿಗ್ಗೆಯೇ ಸಹಿ ಹಾಕಿದ್ದೆ. ಸಮಿತಿಗೆ ಹೇಳಿ ಮುಗಿಸೋದಷ್ಟೇ ಬಾಕಿ ಇತ್ತು. ನೀನು ಹೊಸದು ಕಳಿಸಿದ ಕೂಡಲೇ ಇದು ರದ್ದಾಯಿತು."

"ಆದರೆ ಒಬ್ಬರೂ ಏನೂ ಹೇಳಿರಲಿಲ್ಲ!"

"ಹೌದಲ್ಲ" ಎಂದಳು ಮಾರ್ಗರೇತಾ ಅರ್ಥವಾಗದೆ. "ಯಾರೂ ಏನೂ ಹೇಳಲಿಲ್ಲ ಅಂದರೆ ಎಲ್ಲರಿಗೂ ಒಪ್ಪಿಗೆ ಅಂತ. ಬೇರೆ ಏನು ಅರ್ಥ?"

ಉಮಾಕಾಂತ ಕುರ್ಚಿಗೆ ಕುಸಿದ. ಪ್ರಭಾಕರನ ಹದಿನಾರು ವರ್ಷಕ್ಕೆ ಮನಸ್ಸಿನಲ್ಲೇ ಮಂಗಳಾರತಿ ಎತ್ತಿದ. ಮಾರ್ಗರೇತಾ ಒಳ್ಳೆಯ ಹೆಂಗಸು, ಅವನ ಮುಖ ನೋಡಲಾಗದೆ ಹೇಳಿದಳು, "ಬೇಜಾರಾಗಬೇಡ. ಇನ್ನೊಂದು ಹುದ್ದೆಗೆ ಅವಕಾಶವಿದೆ. ಈ ಹಳೆಯ ಕರಡನ್ನೇ ಹೊಸ ಕೋರ್ಸು ಅಂತ ಈಗಲೇ ಎಲ್ಲರಿಗೂ ಕಳಿಸು. ಹದಿನಾಲ್ಕು ದಿನ ಯಾರೂ ಏನೂ ಹೇಳದಿದ್ದರೆ ಸಹಿ ಹಾಕ್ತೀನಿ. ಯಾರಾದರೂ ಬರೆದು ಕಳಿಸಿದರೆ ಮಾತ್ರ ಒಂದೊಂದನ್ನೂ ಚರ್ಚೆ ಮಾಡಬೇಕು, ಅದು ವರ್ಷ ಹಿಡಿಯುತ್ತೆ. ಈ ಸಲ ದಯವಿಟ್ಟು ಯಾರನ್ನೂ ಏನೂ ಕೇಳಬೇಡ."

ಉಮಾಕಾಂತನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಕೂತು ಕರಡನ್ನು ಎಲ್ಲರಿಗೂ ಕಳಿಸಿದ. ತುಟಿ ಬಿಗಿದುಕೊಂಡು, ಹಾದಿಯಲ್ಲಿ ಸಿಕ್ಕ ಯಾರ ಮುಖವನ್ನೂ ನೋಡದೆ, ಬಸ್ ಸ್ಟಾಪಿಗೆ ನಡೆದು ವೈದೇಹಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದ.

ವೈದೇಹಿ ಒಂದು ನಿಮಿಷ ನಕ್ಕಳು, ಆಮೇಲೆ ಅವನಿಗಾಗಿ ಮರುಗಿದಳು. "ಹೋಗ್ಲಿ ಬಿಡ್ರೀ. ಹದಿನಾಲ್ಕು ದಿನ ಬಾಯಿ ಮುಚ್ಕೊಂಡಿರೋದು ತಾನೇ? ಅಷ್ಟೂ ಆಗಲ್ವಾ ನಿಮಗೆ?"

"ಆಗತ್ತೆ ಕಣೇ. ಇನ್ನು ಯಾರನ್ನೂ ಒಂದಕ್ಷರ ಕೇಳಲ್ಲ."

ಫೋನು ಇಡುವಷ್ಟರಲ್ಲಿ ಅದು ಟಿಣ್ ಎಂದಿತು. ಮತ್ತೆ ಟಿಣ್. ಬಸ್ಸು ಬಂದು ನಿಲ್ಲುವ ಹೊತ್ತಿಗೆ ಹನ್ನೊಂದು ಸಲ ಟಿಣ್ ಎಂದಿತ್ತು. ಗುನಿಲ್ಲಾ ಮೂರು ಪುಟ ಬರೆದಿದ್ದಳು. ಸಿರ್ಪಾ ಲೋಟಗಳ ಫೋಟೋ ಸಮೇತ ಕಳಿಸಿದ್ದಳು. ಹೆಸರೇ ಕೇಳಿರದ ಗ್ರಂಥಪಾಲಕರೊಬ್ಬರು 'ಇಲ್ಲಿ ಅಭಿಪ್ರಾಯಕ್ಕೆ ಬೆಲೆ ಕೊಡುತ್ತೀರೆಂದು ಸಿರ್ಪಾ ಹೇಳಿದಳು' ಎಂದು ಶುರುಮಾಡಿದ್ದರು. ಎಲ್ಲಕ್ಕಿಂತ ಮೇಲೆ, ಹೊಸದಾಗಿ ಖಾಯಂ ಆದ ತೂರ್‌ಬ್ಯೋರ್ನನದಿತ್ತು.

'ಗೆಳೆಯಾ, ಈ ಸಲ ನೀನು ಬಂದು ಕೇಳುವ ತೊಂದರೆಯೇ ಬೇಡವೆಂದು ನಾನೇ ಎಲ್ಲರಿಗೂ ಹೇಳಿ ಬರೆಸಿದ್ದೇನೆ. ಬೆನ್ನಿನ ವ್ಯಾಯಾಮ ಬಿಟ್ಟುಹೋಗಿದೆ ನೋಡು. ನಿನಗಾಗಿ ಇಪ್ಪತ್ತೇ ಪಾಯಿಂಟಿಗೆ ಇಳಿಸಿದ್ದೇನೆ.'