ಮಠದ ಕೊಲೆಯೂ ನಾನು ಎತ್ತಿ ಕುಡಿದ ನೀರೂ

ಸೋಲುವುದೂ ಒಂದು ಕಲೆ ಎನ್ನುವವರೆಲ್ಲ ಸೋತವರೇ ಇರಬೇಕೆಂದು ನನ್ನ ಅನುಮಾನ. ನನಗಂತೂ ಆ ಕಲೆ ಬಂದಿಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡ ಫಲವಾಗಿ, ಯಾರಾದರೂ ‘ಇವತ್ತು ಮಳೆ ಬರುತ್ತೆ’ ಎಂದರೂ ‘ಆಧಾರ ಏನು?’ ಎಂದು ಕೇಳುವ ಚಾಳಿ ಅಂಟಿಕೊಂಡಿತು. ಐರ್ಲೆಂಡಿಗೆ ಬಂದ ಮೇಲೆ ಮಳೆಯ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಬಿಟ್ಟಿದ್ದೇನೆ. ಇಲ್ಲಿ ಆಧಾರ ನೇರವಾಗಿ ತಲೆಯ ಮೇಲೇ ಬೀಳುತ್ತದೆ. ಜಾತಕ, ದೃಷ್ಟಿದೋಷ, ಮೈಸೂರಿನ ಅತ್ತೆಯ ವಾಟ್ಸ್ಯಾಪ್ ವೈದ್ಯ ಎಲ್ಲವನ್ನೂ ವಾದದಲ್ಲಿ ಮಣಿಸಿದವಳು ನಾನು. ಮಣಿಸಲಾಗದೆ ಉಳಿದವರು ಒಬ್ಬ ಸನ್ಯಾಸಿ. ಅದೂ ಕಂದು ಬಾತ್‌ರೋಬ್ ತೊಟ್ಟ ಸನ್ಯಾಸಿ.

ಇಲ್ಲಿಯ ಅತ್ಲೋನ್ ಊರಿನಲ್ಲಿ ನಾವು ಕೆಲವು ಕನ್ನಡದ ಮನೆಯವರು ನವೆಂಬರಿನಲ್ಲಿ ಒಂದು ಹಾಲ್ ಹಿಡಿದು, ನಾಟಕ ಆಡಿ, ಬಿಸಿಬೇಳೆಬಾತ್ ತಿನ್ನುವುದು ರೂಢಿ. ಈ ಸಲ ನಾಟಕ ಬರೆದವರು ಡಾಕ್ಟರ್ ಶ್ರೀಕಂಠ, ವಾಟರ್‌ಫರ್ಡ್‌ನಲ್ಲಿ ಮೂಳೆ ಜೋಡಿಸುವವರು. ಕಥೆ ಎಂಟುನೂರು ವರ್ಷ ಹಿಂದಿನ ಐರಿಷ್ ಮಠದ್ದು. ಮಠದ ಹಿರಿಯರು ಊಟದ ಪಂಕ್ತಿಯಲ್ಲಿ ಒಂದು ಲೋಟ ಬಿಯರು ಕುಡಿದು ಅಲ್ಲೇ ಉರುಳುತ್ತಾರೆ. ಕೊಂದವರು ಯಾರೆಂದು ಒಬ್ಬ ಸನ್ಯಾಸಿ ಪತ್ತೆ ಮಾಡುತ್ತಾನೆ. ಸನ್ಯಾಸಿಯ ಪಾತ್ರ ಸ್ವತಃ ಡಾಕ್ಟರದು. ಕೊಲೆಗಾರ, ಮಠದ ಅಡುಗೆಯವನು. ಹತ್ತಿಯ ಗಡ್ಡ ಅಂಟಿಸಿಕೊಂಡ ನಾನು.

ಮೊದಲ ರಿಹರ್ಸಲ್‌ನಲ್ಲೇ ನನ್ನ ಚಾಳಿ ಎದ್ದಿತು. “ಸಾರ್, ಹೂಜಿಗೆ ವಿಷ ಹಾಕಿದ್ರೆ ಪಂಕ್ತೀಲಿ ಕೂತ ಎಲ್ರೂ ಸಾಯ್ಬೇಕಲ್ವಾ?”

“ಮತ್ತೆಲ್ಲಿ ಹಾಕೋಣಮ್ಮ?”

“ಹಿರಿಯರ ಲೋಟದ ಅಂಚಿಗೆ ಸವರಿ. ಅದು ಕೊಂದವನಿಗೆ ಬಿಟ್ರೆ ಮಠದಲ್ಲಿ ಯಾರಿಗೂ ಗೊತ್ತಿರಬಾರದು.”

ಡಾಕ್ಟರು ವಿಧೇಯ ವಿದ್ಯಾರ್ಥಿಯಂತೆ ಬರೆದುಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. “ಆದ್ರೂ ನಿಮ್ಮ ಸನ್ಯಾಸಿ ಹತ್ರ ಪ್ರೂಫ್ ಏನೂ ಇಲ್ಲ ಸಾರ್. ಬರೀ ಮುಖ ನೋಡಿ ಕಳ್ಳನ್ನ ಹಿಡೀತಾನೆ!”

“ಹಾಗಾದ್ರೆ ಕೊನೇ ಸೀನ್ ಬರೆಯೋದೇ ಬೇಡ ಬಿಡು. ನಾನು ಆರೋಪ ಮಾಡ್ತೀನಿ, ನೀನು ವಾದ ಮಾಡು. ನೀನೇ ಕೊಂದಿದ್ದು ಅಂತ ಅನ್ಸಿದವ್ರು ಕೈ ಎತ್ತಲಿ. ಸೋತವರು ಬಿಸಿಬೇಳೆಬಾತ್ ಪಾತ್ರೆ ತಿಕ್ಕಬೇಕು.”

ಆ ಪಾತ್ರೆಯಲ್ಲಿ ಎಮ್ಮೆಕರುವಿಗೆ ಸ್ನಾನ ಮಾಡಿಸಬಹುದು. ಪ್ರತಿವರ್ಷ ತಪ್ಪದೆ ತಳ ಹಿಡಿಯುತ್ತದೆ. ನನ್ನ ಜೊತೆ ಮನೆ ಹಂಚಿಕೊಂಡಿರುವ ರಂಜಿತಾ, “ಹೊಸ ಸ್ಕ್ರಬ್ಬರ್ ತಂದಿಟ್ಟಿದ್ದೀನಿ ಕಣೇ, ಆಲ್ ದಿ ಬೆಸ್ಟ್,” ಎಂದಳು. ನಾನು ಡಾಕ್ಟರ ಸೈಜಿನ ಕೈಗವಸು ಹುಡುಕಿಡಲು ಹೇಳಿದೆ.

ರಂಗದ ಮೇಲೆ ಡಾಕ್ಟರು ಒಂದಾದ ಮೇಲೊಂದು ಆರೋಪ ಹೊರಿಸಿದರು, ನಾನು ಒಂದೊಂದನ್ನೂ ಸೊಪ್ಪು ಸೋಸಿದಂತೆ ಸೋಸಿ ಎಸೆದೆ. ಹಿರಿಯರ ಮೇಲೆ ನನಗೆ ಕೋಪವಿತ್ತೇ? ನನ್ನ ಅಡುಗೆ ಉಂಡವರಿಗೆ ಕೋಪ ಬರಬೇಕು, ನನಗೇಕೆ? ಜನ ನಕ್ಕರು. ನಾನು ಬಿಯರು ಬಡಿಸಿದ್ದೆನೇ? ಬಡಿಸಿದ್ದೇ ತಪ್ಪಾದರೆ ಈ ಹಾಲ್‌ನಲ್ಲಿರುವ ಗೃಹಿಣಿಯರನ್ನೆಲ್ಲ ಕಟಕಟೆಗೆ ಹತ್ತಿಸಿ! ಚಪ್ಪಾಳೆ. ಹತ್ತು ನಿಮಿಷದಲ್ಲಿ ಸನ್ಯಾಸಿಯ ಆರೋಪಗಳೆಲ್ಲ ಖಾಲಿಯಾದವು. ಮನಸ್ಸಿನಲ್ಲೇ ಪಾತ್ರೆಯನ್ನು ಡಾಕ್ಟರ ಕಡೆ ಉರುಳಿಸಿದೆ.

“ಆಯ್ತಪ್ಪಾ, ಸೋತೆ,” ಎಂದರು ಅವರು, ಪಾಪ ಅನ್ನಿಸುವಂತೆ. “ಮಾತಾಡಿ ಗಂಟಲು ಒಣಗಿರಬೇಕು. ತಗೋ, ನೀರು ಕುಡಿ. ಹಿರಿಯರ ಲೋಟಾನೇ ಇದು, ಅವತ್ತಿಂದ ಯಾರೂ ಮುಟ್ಟಿಲ್ಲ. ನೀರು ನಾನೇ ಬಾವಿಯಿಂದ ಸೇದಿದ್ದು.”

ಗಂಟಲು ನಿಜಕ್ಕೂ ಒಣಗಿತ್ತು. ತಲೆ ಹಿಂದೆ ಬಾಗಿಸಿ, ಬಾಯಿಗೆ ಸೋಕದಂತೆ ಲೋಟವನ್ನು ಗೇಣೆತ್ತರ ಎತ್ತಿ, ಗಟಗಟ ಸುರಿದುಕೊಂಡೆ. ಹತ್ತಿಯ ಗಡ್ಡದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಎಂಜಲಾಗಬಾರದೆಂದು ಅಜ್ಜಿ ಕಲಿಸಿದ್ದು.

ಸನ್ಯಾಸಿ ಸಭೆಯ ಕಡೆ ತಿರುಗಿದ. “ಈ ಮಠದಲ್ಲಿ ಎಲ್ಲರೂ ಲೋಟ ಕಚ್ಚಿ ಕುಡೀತಾರೆ. ಇವನೊಬ್ಬ ಯಾಕೆ ಎತ್ತಿ ಕುಡಿದ? ವಿಷ ಇದ್ದದ್ದು ಬಿಯರಲ್ಲಲ್ಲ, ಅಂಚಲ್ಲಿ ಅಂತ ಇವನಿಗೊಬ್ಬನಿಗೇ ಗೊತ್ತಿತ್ತು!”

ಹಾಲ್ ಹಾರಿಹೋಗುವಂಥ ಗದ್ದಲ. “ಅಯ್ಯೋ, ನಾವೆಲ್ಲ ಹೀಗೇ ಅಲ್ವಾ ಕುಡಿಯೋದು!” ಎಂದು ಕೂಗಿದೆ. ಯಾರಿಗೂ ಕೇಳಲಿಲ್ಲ. ಕೈಗಳ ಕಾಡೇ ಎದ್ದಿತ್ತು. ಬಾಗಿಲ ಬಳಿ ನಿಂತಿದ್ದ ಹಾಲ್‌ನ ಉಸ್ತುವಾರಿಯ ಐರಿಷ್ ಮುದುಕ, ಕನ್ನಡದ ಒಂದಕ್ಷರ ಬಾರದವನು, ಅವನೂ “ಗ್ರ್ಯಾಂಡ್!” ಎಂದು ಕೈ ಎತ್ತಿದ.

ಪಾತ್ರೆಯೊಳಕ್ಕೆ ಸೊಂಟದವರೆಗೆ ಇಳಿದು ತಿಕ್ಕುತ್ತಿದ್ದಾಗ ಡಾಕ್ಟರು ಬಂದು, ಬಾಟಲಿ ಎತ್ತಿ ಗಟಗಟ ನೀರು ಕುಡಿದರು.

“ನೀವೂ ಎತ್ತಿ ಕುಡಿತೀರಲ್ಲ ಸಾರ್! ನೀವೂ ಕೊಲೆಗಾರರೇ!”

“ಅಂಚಿಗೆ ವಿಷ ಸವರೋ ಐಡಿಯಾ ಕೊಟ್ಟವಳು ಎದುರಿಗೇ ಇದೀಯಲ್ಲಮ್ಮ. ಹುಷಾರಾಗಿರಬೇಡ್ವಾ?”

ಸನ್ಯಾಸಿಯ ವಾದಕ್ಕೆ ಉತ್ತರ ಹೊಳೆದದ್ದು ಮೂರು ದಿನದ ಮೇಲೆ, ಡಬ್ಲಿನ್‌ಗೆ ಹೋಗುವ ರೈಲಿನಲ್ಲಿ. ತಡೆಯಲಾಗದೆ ಅಲ್ಲಿಂದಲೇ ಫೋನ್ ಮಾಡಿದೆ. “ಸಾರ್, ನಿಮ್ಮ ವಾದ ಬಿದ್ದುಹೋಯ್ತು! ನಾನು ಅಡುಗೆಯವನು. ಕೊಂದಾದ ಮೇಲೆ ಮೊದಲು ಆ ಲೋಟ ತೊಳೆದಿಡ್ತೀನಿ. ಆಮೇಲೆ ಅಂಚಿಗೆ ಯಾಕೆ ಹೆದರಲಿ?”

ಗೆದ್ದೆ ಎಂದುಕೊಂಡೆ.

“ಅಂದ್ರೆ,” ಎಂದರು ಡಾಕ್ಟರು, “ಸಾಕ್ಷೀನೂ ನಾಶ ಮಾಡಿದ್ಯಾ?”