ಎರಡು ಹಟ್ಟಿಗೆ ಒಂದೇ ಬೋರ್ಡು

ಖರ್ಚು ಕಡಿಮೆ ಮಾಡಬೇಕಾದಾಗ ದೊಡ್ಡವರಿಗೂ ಸಣ್ಣವರಿಗೂ ಹೊಳೆಯುವ ಉಪಾಯ ಒಂದೇ: ಎರಡು ಇದ್ದದ್ದನ್ನು ಒಂದು ಮಾಡುವುದು. ಈ ವಿಷಯದಲ್ಲಿ ಸರ್ಕಾರಕ್ಕಿಂತ ನಾನು ಸ್ವಲ್ಪ ಮುಂದೆಯೇ ಇದ್ದೆ ಎಂದರೆ ಜಂಬವೆಂದು ತಿಳಿಯಬೇಡಿ. ಹೆಂಡತಿ ತೀರಿಕೊಂಡ ಮೇಲೆ ನಾನು ಮನೆಯಲ್ಲಿ ಬಹಳ ಸುಧಾರಣೆಗಳನ್ನು ಕೈಗೊಂಡೆ. ಎರಡು ಒಲೆಗಳಲ್ಲಿ ಒಂದನ್ನು ಆರಿಸಿಬಿಟ್ಟೆ. ಬೆಳಗಿನ ಅಡುಗೆಯಲ್ಲೇ ರಾತ್ರಿಯ ಅಡುಗೆಯನ್ನೂ ಸೇರಿಸಿಕೊಂಡೆ. ಸಾರು ಮತ್ತು ಪಲ್ಯ ಎಂಬ ಎರಡು ಇಲಾಖೆಗಳ ನಡುವಿನ ಗಡಿಯಂತೂ ನೀರಿನ ಅಂದಾಜು ತಪ್ಪಿದ ಮೊದಲ ದಿನವೇ ಅಳಿಸಿಹೋಯಿತು. ಮಲಗುವ ಕೋಣೆಯನ್ನು ಮುಚ್ಚಿ, ಚಳಿಯ ನೆಪ ಹೇಳಿಕೊಂಡು ಅಡುಗೆಮನೆಯಲ್ಲೇ ಚಾಪೆ ಹಾಸಿಕೊಂಡೆ. ಇಷ್ಟೆಲ್ಲ ಮಿತವ್ಯಯದಿಂದ ಏನು ಉಳಿಯಿತು ಎಂದು ಕೇಳಿದರೆ, ಹೊತ್ತು ಉಳಿಯಿತು. ಉಳಿದ ಹೊತ್ತನ್ನು ಏನು ಮಾಡಬೇಕು ಎಂಬುದಕ್ಕೆ ಮಾತ್ರ ನನಗೆ ಯಾವ ಸುಧಾರಣೆಯೂ ತೋಚಲಿಲ್ಲ.

ನಾನು ಊಟಿಯ ಬೆಟ್ಟಗಳಲ್ಲಿ, ಕೆತ್ತಿಯ ಕಣಿವೆಯ ಆಚೆಗಿರುವ ಕೆಳಹಟ್ಟಿಯ ಯೂನಿಯನ್ ಬೋರ್ಡು ಎಂಬ ಪಂಚಾಯಿತಿಯಲ್ಲಿ ರೈಟರು, ಎಂದರೆ ಗುಮಾಸ್ತ. ಹುಟ್ಟಿದ್ದು ಗುಂಡ್ಲುಪೇಟೆಯ ಕಡೆ. ಕನ್ನಡವನ್ನೂ ಸ್ವಲ್ಪ ಇಂಗ್ಲಿಷನ್ನೂ ಕಲಿತು, ಘಾಟಿ ಹತ್ತಿ ಬಂದು, ಇಲ್ಲಿಯ ಬಡಗರ ನಡುವೆ ಮನೆ ಹೂಡಿದವನು. ಅವರ ಮಾತು ನಮ್ಮ ಕನ್ನಡದ ಅಜ್ಜಿಯಂತಿದೆ. ಅರ್ಥವಾಗುತ್ತದೆ, ಆದರೆ ಗೌರವದಿಂದ, ತುಸು ಬಾಗಿ ಕೇಳಬೇಕು. ಇಲ್ಲಿ ಅದನ್ನು ನಮ್ಮ ಬರಹಕ್ಕೆ ಹತ್ತಿರ ತಂದುಕೊಂಡು ಬರೆಯುತ್ತಿದ್ದೇನೆ. ನನ್ನ ಹೆಂಡತಿ ಗೌರಿ ಮಾತ್ರ ಬಂದ ವರ್ಷವೇ ಆ ಮಾತನ್ನು ಅವರಂತೆಯೇ ಆಡತೊಡಗಿದಳು. ನಾನು ಇಷ್ಟು ವರ್ಷವಾದರೂ ಹಾಗೆ ಆಡಲು ಹೋದರೆ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ.

ಆಲೂಗಡ್ಡೆಯ ಬೆಲೆ ಬಿದ್ದುಹೋದ ಕಾಲ ಅದು. ಮೇಟುಪಾಳಯದ ಮಂಡಿಗೆ ಮೂಟೆ ಕಳಿಸಿದರೆ ಸಾಗಿಸಿದ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಗಡ್ಡೆ ಮಾರದ ರೈತ ತೆರಿಗೆ ಕಟ್ಟುವುದಿಲ್ಲ, ತೆರಿಗೆ ಬರದ ಬೋರ್ಡು ದೀಪಕ್ಕೆ ಎಣ್ಣೆ ಹಾಕುವುದಿಲ್ಲ. ಕೊನೆಗೆ ಊಟಿಯಿಂದ ಹುಕುಂ ಬಂತು: ಕೆಳಹಟ್ಟಿಯ ಬೋರ್ಡನ್ನೂ ಗುಡ್ಡದ ಆಚೆ ಮಗ್ಗುಲಿನ ಮೇಲ್ಹಟ್ಟಿಯ ಬೋರ್ಡನ್ನೂ ಸೇರಿಸಿ ಒಂದು ಮಾಡತಕ್ಕದ್ದು. ಮೊದಲ ಜಂಟಿ ಸಭೆಗೆ ಇಬ್ಬರು ಪ್ರೆಸಿಡೆಂಟರೂ ಬಂದರು. ಕುರ್ಚಿ ಒಂದೇ ಇತ್ತು. ಒಬ್ಬರು ಕೂತರೆ ಇನ್ನೊಬ್ಬರಿಗೆ ಅವಮಾನವಾಗುತ್ತದೆಂದು ಇಬ್ಬರೂ ಮಧ್ಯಾಹ್ನದವರೆಗೆ ನಿಂತೇ ಮಾತಾಡಿದರು. ಅವರು ನಿಂತಿದ್ದರಿಂದ ಮೆಂಬರುಗಳೂ ನಿಂತರು. ಕೂತಿದ್ದವನು ನಾನೊಬ್ಬನೇ, ಅದೂ ಬರೆಯಬೇಕಾಗಿದ್ದರಿಂದ. ಅಷ್ಟು ಬೇಗ ಮುಗಿದ ಸಭೆಯನ್ನು ನನ್ನ ನೌಕರಿಯಲ್ಲಿ ನಾನು ಕಂಡಿಲ್ಲ. ಈ ಉಪಾಯವನ್ನು ದೊಡ್ಡ ಕೌನ್ಸಿಲುಗಳಿಗೂ ಯಾರಾದರೂ ತಿಳಿಸಬಹುದು.

ತೊಂದರೆ ಬಂದದ್ದು ಆಮೇಲೆ. ಬಂದದ್ದು ನನ್ನ ಬಾಯಿಂದಲೇ. ಹುಕುಮನ್ನು ಊರವರಿಗೆ ಓದಿ ಹೇಳುವುದು ರೈಟರ ಕೆಲಸ. ಕೆಳಹಟ್ಟಿಯ ಮನೆಸಾಲಿನ ಮುಂದೆ ಒಂದು ಹುಲ್ಲುಮಾಳವಿದೆ. ಅಲ್ಲೊಂದು ಉದ್ದನೆಯ ಕಲ್ಲು. ಅದರ ಮೇಲೆ ಹಟ್ಟಿಯ ಹಿರಿಯರು ಮಾತ್ರ ಕೂರುತ್ತಾರೆ, ಅಲ್ಲಿ ಕೂತು ಆಡಿದ ಮಾತು ಮಾತೇ. ಗೌರಿ ಹೋದ ಮೇಲೆ, ಒಬ್ಬನೇ ಎಲ್ಲೋ ನಿಂತಿರುತ್ತಾನೆಂದು ನನ್ನನ್ನೂ ಕರೆದು ಆ ಕಲ್ಲಿನ ತುದಿಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ನನಗೆ ಅದೊಂದು ಸಮಾಧಾನವಾಗಿತ್ತು. ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರ ಜನ ಕೂತಿರುವುದು ಚಳಿಗೂ ಒಳ್ಳೆಯದು, ಬೇರೆಯದಕ್ಕೂ ಒಳ್ಳೆಯದು.

ಆ ದಿನ ಅಲ್ಲೇ ಕೂತು ಹುಕುಂ ಓದಿದೆ. ಸುಮ್ಮನೆ ಓದಿ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಸರ್ಕಾರದ ಮಾತು ತೀರ ಒಣಗಿತ್ತು. ಕೇಳಿದವರ ಮುಖವೂ ಒಣಗಿತ್ತು. ಸ್ವಲ್ಪ ತುಪ್ಪ ಸವರೋಣ ಎನ್ನಿಸಿ, "ಇನ್ನು ಮೇಲೆ ಮೇಲ್ಹಟ್ಟಿ ಕೆಳಹಟ್ಟಿ ಎಂಬುದಿಲ್ಲ, ಎರಡೂ ಒಂದೇ ಹಟ್ಟಿ, ಅವರೂ ನೀವೂ ಅಣ್ಣತಮ್ಮಂದಿರು" ಎಂದುಬಿಟ್ಟೆ. ಯಾರೂ ತಲೆದೂಗಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ನನ್ನ ಮಾತು ಅವರ ಮನಸ್ಸಿಗೆ ನಾಟಿದೆ ಎಂದುಕೊಂಡು ನಾನು ಮನೆಗೆ ಬಂದೆ. ನಿಜವಾಗಿಯೂ ನಾಟಿತ್ತು.

ಮಾರನೆಯ ಬೆಳಿಗ್ಗೆ ನಂಜಿಹೆತ್ತೆ ಬಾಗಿಲಿಗೆ ಬಂದಳು. ಹೆತ್ತೆ ಎಂದರೆ ಇಲ್ಲಿಯ ಮಾತಿನಲ್ಲಿ ಅಜ್ಜಿ. ಗೌರಿಗೆ ಅಮ್ಮನ ಹಾಗಿದ್ದವಳು. ಅವಳ ಮೊಮ್ಮಗಳು ಮಾಸಿಯನ್ನು ಮೇಲ್ಹಟ್ಟಿಯ ಭೋಜ ಎಂಬ ಹುಡುಗನಿಗೆ ಕೊಡುವುದೆಂದು ಗೊತ್ತಾಗಿತ್ತು. ಗೊತ್ತು ಮಾಡಿದವಳು ಗೌರಿಯೇ. ನಮ್ಮ ಅಡುಗೆಮನೆಯಲ್ಲಿ ಕೂತು, ಅವರೆಕಾಯಿ ಬಿಡಿಸುತ್ತ, ಇಬ್ಬರೂ ಇಡೀ ಒಂದು ಮಳೆಗಾಲ ಆ ಸಂಬಂಧವನ್ನು ಹೊಸೆದಿದ್ದರು. ಜ್ವರದಲ್ಲಿ ಮಲಗಿದಾಗಲೂ ಗೌರಿ ಮದುವೆಗೆ ಹೋಗುವ ಮಾತೇ ಆಡುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ, ಈ ಲೋಕದಲ್ಲಿ ಅವಳು ಅರ್ಧಕ್ಕೆ ಬಿಟ್ಟುಹೋದ ಕೆಲಸವೆಂದರೆ ಈ ಮದುವೆ ಒಂದೇ.

ಹೆತ್ತೆ ಹೊಸಿಲು ದಾಟಲಿಲ್ಲ. "ಏನ ಮಾಡಿಬುಟ್ಟೆ ತಮ್ಮಾ? ನಂಗ ಮಾಸಿಗ ಅವಳ ಅಣ್ಣನ್ನೇ ಗಂಡ ಮಾಡುವದಾ?" ಎಂದಳು. ನಂಗ ಎಂದರೆ ಇವರ ಮಾತಿನಲ್ಲಿ ನಮ್ಮ.

ಆಗ ನನಗೆ ಹೊಳೆಯಿತು. ಬಡಗರಲ್ಲಿ ಒಂದು ಹಟ್ಟಿಯ ಗಂಡಸರೆಲ್ಲ ಅಣ್ಣತಮ್ಮಂದಿರು, ಹೆಣ್ಣುಮಕ್ಕಳೆಲ್ಲ ಅಕ್ಕತಂಗಿಯರು. ಒಳಗೊಳಗೇ ಮದುವೆಯಿಲ್ಲ; ಹೆಣ್ಣು ಬೇರೆ ಹಟ್ಟಿಯಿಂದಲೇ ಬರಬೇಕು. ಇದು ಕೈಗೂಸಿಗೂ ಗೊತ್ತಿರುವ ಸಂಗತಿ, ನನಗೂ ಗೊತ್ತಿತ್ತು. ಆದರೂ ಹಿರಿಯರ ಕಲ್ಲಿನ ಮೇಲೆ ಕೂತು, ಸರ್ಕಾರದ ಕಾಗದ ಕೈಯಲ್ಲಿ ಹಿಡಿದು, ಎರಡು ಹಟ್ಟಿಯ ಹುಡುಗ ಹುಡುಗಿಯರನ್ನೆಲ್ಲ ಒಂದೇ ಮಾತಿನಲ್ಲಿ ಅಣ್ಣತಂಗಿಯರನ್ನಾಗಿ ಮಾಡಿಬಿಟ್ಟಿದ್ದೆ. ಖರ್ಚು ಉಳಿಸಲು ಹೊರಟ ಸರ್ಕಾರಕ್ಕೂ ಇಂಥ ಉಳಿತಾಯ ಹೊಳೆದಿರಲಾರದು.

ಎದ್ದೆನೋ ಬಿದ್ದೆನೋ ಎಂದು ಮೇಲ್ಹಟ್ಟಿಗೆ ಹೋದೆ. ಭೋಜನ ಅಪ್ಪ ಹೊಲದಲ್ಲಿ ಗಡ್ಡೆ ಅಗೆಯುತ್ತಿದ್ದ. ಬೋರ್ಡು ಬೇರೆ, ಬಂಧುತ್ವ ಬೇರೆ, ಸೇರಿದ್ದು ರಸ್ತೆ ದೀಪಗಳು ಮಾತ್ರ ಎಂದು ವಿವರಿಸಿದೆ. ಅವನು ಗುದ್ದಲಿಗೆ ಒರಗಿ ತಾಳ್ಮೆಯಿಂದ ಕೇಳಿ, ತನಗೂ ಹುಡುಗಿ ಒಪ್ಪಿಗೆಯೇ, ಆದರೆ ಕಲ್ಲಿನ ಮೇಲೆ ಆಡಿದ ಮಾತನ್ನು ಹೊಲದಲ್ಲಿ ನಿಂತು ಹಿಂದಕ್ಕೆ ತೆಗೆದುಕೊಳ್ಳಲು ಬರುತ್ತದೆಯೇ ಎಂದು ಕೇಳಿದ. ಬರುವುದಿಲ್ಲ ಎಂದು ನನಗೂ ತೋರಿತು. ಭೋಜ ಬದುವಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಲ್ಲುವ ಹುಡುಗ, ಆ ದಿನ ಏಳಲಿಲ್ಲ.

ಮುಂದಿನ ದಾರಿ ಊಟಿ. ಅಲ್ಲಿಯ ಕಚೇರಿಯ ಹೆಡ್ ಗುಮಾಸ್ತರು ತಮಿಳು ದೇಶದವರು, ಒಳ್ಳೆಯವರು. ಬೋರ್ಡುಗಳು ಒಂದಾದ ಮಾತ್ರಕ್ಕೆ ಅವುಗಳ ನಿವಾಸಿಗಳು ಪರಸ್ಪರ ಅಣ್ಣತಂಗಿಯರಾಗುವುದಿಲ್ಲ ಎಂದು ಸರ್ಕಾರದಿಂದ ಒಂದು ಸಾಲು ಬರೆಸಿ ಕೊಡಿ ಎಂದು ಬೇಡಿಕೊಂಡೆ. ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಆಮೇಲೆ ದನಿ ತಗ್ಗಿಸಿ, ಹೆಂಡತಿ ಹೋಗಿ ಎಷ್ಟು ಕಾಲವಾಯಿತು, ಊಟ ಸರಿಯಾಗಿ ಮಾಡುತ್ತೀರಾ, ನಿದ್ದೆ ಬರುತ್ತದೆಯೇ ಎಂದೆಲ್ಲ ವಿಚಾರಿಸಿ, ಕಾಫಿ ತರಿಸಿ ಕುಡಿಸಿ, ಸ್ವಲ್ಪ ದಿನ ರಜೆ ತೆಗೆದುಕೊಳ್ಳಿ ಎಂದರು. ಇಡೀ ವರ್ಷದಲ್ಲಿ ಒಬ್ಬ ಮನುಷ್ಯ ನನ್ನ ನಿದ್ದೆಯ ವಿಷಯ ಕೇಳಿದ್ದು ಅದೇ ಮೊದಲು. ಅದಕ್ಕಾಗಿ ಹುಚ್ಚನೆಂಬ ಹೆಸರು ಬಂದರೂ ಅಡ್ಡಿಯಿಲ್ಲ ಎನ್ನಿಸಿತು.

ಇಷ್ಟರಲ್ಲಿ ಮಾಸಿ ನೀರಿಗೆ ಹೋಗುವ ದಾರಿ ಬದಲಿಸಿದಳು. ಮುಂಚೆ ನಮ್ಮ ಮನೆಯ ಮುಂದೆಯೇ ಕೊಡ ಹೊತ್ತು ಹೋಗುತ್ತಿದ್ದವಳು, ಗೌರಿ ಇದ್ದಾಗ ಕೊಡ ಇಳಿಸಿ ಒಳಗೆ ಬಂದು ಒಂದು ಗಳಿಗೆ ಹರಟುತ್ತಿದ್ದವಳು, ಈಗ ಹಿಂದಿನ ದಿಣ್ಣೆ ಹತ್ತಿ ಸುತ್ತಿಕೊಂಡು ಹೋಗುತ್ತಿದ್ದಳು. ಅವಳ ಕೊಡದ ನೀರು ತುಳುಕುವ ಸದ್ದು ಕೇಳಿಸದ ಬೆಳಗಾದ ಮೇಲೆ ನಾನು ಹಟ್ಟಿಯ ಹಿರಿಯ ಜೋಗಿಗೌಡರ ಬಳಿಗೆ ಹೋಗಿ ಕೈ ಮುಗಿದೆ. ನನ್ನ ಮಾತಿನಿಂದ ಕೆಟ್ಟದ್ದನ್ನು ನೀವೇ ಸರಿಮಾಡಿಕೊಡಬೇಕು, ಇಲ್ಲವಾದರೆ ಹೋದವಳಿಗೆ ನಾನು ಏನು ಹೇಳಲಿ ಎಂದೆ. ಯಾರಿಗೆ ಎಂದು ಅವರು ಕೇಳಲಿಲ್ಲ. ಎರಡೂ ಹಟ್ಟಿಯ ಕೂಟ ಕರೆಯೋಣ ಎಂದರು.

ಕೂಟ ಸೇರಿತು. ಮೇಲ್ಹಟ್ಟಿಯವರು ಒಂದು ಕಡೆ, ಕೆಳಹಟ್ಟಿಯವರು ಒಂದು ಕಡೆ. ಹೆಂಗಸರು ಮನೆಗಳ ಜಗುಲಿಯಲ್ಲಿ. ನಾನು ಅಭ್ಯಾಸಬಲದಿಂದ ಕಲ್ಲಿನ ತುದಿಯಲ್ಲಿ ಕೂರಲು ಹೋದೆ. ಜೋಗಿಗೌಡರು ಕೈ ಅಡ್ಡ ಹಿಡಿದು, ಸ್ವಲ್ಪ ನಿಲ್ಲಿ ಎಂದರು. ಆಮೇಲೆ ಅವರು ನಿಧಾನವಾಗಿ ಬಿಡಿಸಿ ಹೇಳಿದ ತೀರ್ಮಾನ ಇಷ್ಟು. ಅಣ್ಣತಮ್ಮಂದಿರು ಎಂಬ ಮಾತನ್ನು ಕಲ್ಲಿನ ಮೇಲೆ ಕೂತು ಆಡಿದವನು ಹಟ್ಟಿಯವನೇ ಆಗಿದ್ದರೆ ಆ ಮಾತು ನಿಂತಿತು, ಮದುವೆ ಮುರಿಯಿತು. ಹೊರಗಿನವನು ಆಗಿದ್ದರೆ, ದಾರಿಹೋಕ ಯಾರನ್ನು ಯಾರ ಅಣ್ಣನೆಂದು ಕರೆದರೂ ಅದಕ್ಕೆ ಬೆಲೆಯಿಲ್ಲ, ಮದುವೆ ನಡೆಯಬಹುದು. ಇಷ್ಟು ಹೇಳಿ ನನ್ನ ಕಡೆ ತಿರುಗಿದರು.

"ನಿಂಗಳೇ ಹೇಳಿ, ರೈಟರೇ. ನಿಂಗ ಯಾವ ಹಟ್ಟಿ?"

ಸರ್ಕಾರಿ ನೌಕರನಿಗೆ ಪ್ರಶ್ನೆಗಳು ಹೊಸದಲ್ಲ. ಆದರೆ ಉತ್ತರ ಎಲ್ಲರಿಗೂ ಮೊದಲೇ ಬೇಕಾಗಿದ್ದ, ನನಗೊಬ್ಬನಿಗೆ ಬೇಡವಾಗಿದ್ದ ಇಂಥ ಪ್ರಶ್ನೆಯನ್ನು ನನಗೆ ಯಾರೂ ಹಾಕಿರಲಿಲ್ಲ. ಗುಂಡ್ಲುಪೇಟೆಯಲ್ಲಿ ಈಗ ನನ್ನ ಗುರುತು ಹಿಡಿಯುವವರು ಒಬ್ಬರೂ ಇಲ್ಲ. ಇಲ್ಲಿ ಕಲ್ಲಿನ ತುದಿಯಲ್ಲಿ ಒಂದು ಗೇಣು ಜಾಗವಿತ್ತು. ಜಗುಲಿಯ ಕಡೆ ನೋಡಿದೆ. ನಂಜಿಹೆತ್ತೆ ತಲೆ ತಗ್ಗಿಸಿದ್ದಳು. ಅವಳ ಹಿಂದೆ ಮಾಸಿಯ ಮುಖ ಅರ್ಧ ಕಾಣುತ್ತಿತ್ತು.

"ನಾನು ಯಾವ ಹಟ್ಟಿಯವನೂ ಅಲ್ಲ," ಎಂದೆ. "ಹೊರಗಿನವನು."

ಹಿಂದಿನವರಿಗೆ ಕೇಳಿಸಲಿಲ್ಲವಂತೆ. ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ. ಕೂಟದಲ್ಲಿ ಉಸಿರು ಬಿಟ್ಟ ಸದ್ದಾಯಿತು. ಅಷ್ಟರಲ್ಲಿ ಮೇಲ್ಹಟ್ಟಿಯ ಮುದುಕನೊಬ್ಬ, ಪ್ರತಿ ಸಭೆಯಲ್ಲೂ ಒಬ್ಬ ಇರುತ್ತಾನಲ್ಲ ಅಂಥವನು, ಕೋಲು ಊರಿ ಎದ್ದ. ಇವನು ಹೊರಗಿನವನಾದರೆ ಇವನ ಹೆಂಡತಿಯನ್ನು ನಿಮ್ಮ ಹಟ್ಟಿಯ ಸುಡುಗಾಡಿನಲ್ಲಿ ಹೇಗೆ ಸುಟ್ಟಿರಿ, ಹೊರಗಿನವರಿಗೆ ಅಲ್ಲಿ ಜಾಗ ಉಂಟೇ ಎಂದು ಕೇಳಿದ. ಮತ್ತೆ ಎಲ್ಲ ನಿಂತುಹೋಯಿತು.

ಜೋಗಿಗೌಡರು ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದರು. "ಅವಳು ನಂಗ ಹಟ್ಟಿಯವಳು," ಎಂದರು. "ಈ ರೈಟರು ಮಾತ್ರ ಹೊರಗಿನವ."

ಕೂಟ ನಕ್ಕಿತು. ನಾನೂ ನಕ್ಕೆ. ಗಂಡನನ್ನು ಗಡಿಯ ಹೊರಗೆ ಬಿಟ್ಟು ತಾನು ಒಳಗೆ ಸೇರಿಕೊಂಡದ್ದು ಗೌರಿಯ ಸ್ವಭಾವಕ್ಕೆ ಸರಿಯಾಗಿಯೇ ಇತ್ತು. ಹಬ್ಬದ ದಿನ ಹೆಂಗಸರ ಗುಂಪು ಸೇರಿದರೆ ಅವಳು ನನ್ನನ್ನು ಮರೆತು ಹೋಗುತ್ತಿದ್ದದ್ದೇ ಹಾಗೆ. ಕತ್ತಲಾದ ಮೇಲೆ ನಾನೇ ಹೋಗಿ ಕರೆದುಕೊಂಡು ಬರಬೇಕಾಗಿತ್ತು. ಈ ಸಾರಿ ಕರೆದುಕೊಂಡು ಬರುವಂತಿಲ್ಲ, ಅಷ್ಟೇ ವ್ಯತ್ಯಾಸ.

ಮದುವೆ ಚೆನ್ನಾಗಿ ನಡೆಯಿತು. ಇವರಲ್ಲಿ ಹೊಸ ಹೆಣ್ಣು ಗಂಡನ ಮನೆಗೆ ಹಳ್ಳದಿಂದ ಒಂದು ಕೊಡ ನೀರು ತರಬೇಕು. ಮಾಸಿ ತಂದಳು, ಒಂದು ಹನಿಯೂ ಚೆಲ್ಲದಂತೆ ತಂದಳೆಂದು ಮೇಲ್ಹಟ್ಟಿಯವರು ಹೊಗಳಿದರು. ಹೊರಗಿನವನಾದ್ದರಿಂದ ನನಗೆ ಭಾರಿ ಮರ್ಯಾದೆ. ಹಿಂದೆಲ್ಲ ಇಂಥ ಕಡೆ ಹೋದರೆ, ಸೌದೆ ತಾ, ಆ ಹಂಡೆಗೆ ಒಂದು ಕೈ ಹಾಕು ಎಂದು ಗದರಿಸುತ್ತಿದ್ದರು. ಈಗ ಕಂಬಳಿ ಹಾಸಿ, ಬೇರೆಯಾಗಿ ಕೂರಿಸಿ, ಮೊದಲು ನನಗೇ ಬಡಿಸಿದರು. ಅನ್ನ, ಅವರೆಕಾಳಿನ ಸಾರು, ಮೇಲೆ ತುಪ್ಪ. ಎದುರಿಗೆ ಕೂತು ತಿನ್ನುವವರು ಯಾರೂ ಇಲ್ಲದ ಊಟ ನನಗೆ ಮನೆಯಲ್ಲೇ ಸಾಕಷ್ಟು ಅಭ್ಯಾಸವಾಗಿತ್ತು, ಆದರೆ ತುಪ್ಪವಿರಲಿಲ್ಲ. ನಂಜಿಹೆತ್ತೆ ಸೌಟು ಹಿಡಿದು ಬಂದು ಬಗ್ಗಿದಳು. "ನಾಚಬೇಡಿ ರೈಟರೇ, ಇನ್ನ ಒಂಚೂರು ಉಣ್ಣಿ. ನಿಂಗ ವಿರುಂದಾಳಿ," ಎಂದಳು. ವಿರುಂದಾಳಿ ಎಂದರೆ ತಮಿಳಿನಲ್ಲಿ ಅತಿಥಿ. ಹೇಳುತ್ತ ಸಾರನ್ನು ಎಲೆಗೆ ಹಾಕುವ ಬದಲು ನನ್ನ ಕೈಯ ಮೇಲೇ ಸುರಿದಳು. ಕಣ್ಣು ಸರಿಯಾಗಿ ಕಾಣದ ವಯಸ್ಸು. ಒರಸಿಕೊಳ್ಳಲು ತನ್ನ ಸೆರಗನ್ನೇ ಕೊಟ್ಟಳು. ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರಸಿಕೊಂಡೆ.

ಇದಾದ ಮೇಲೆ ಬೋರ್ಡಿನ ಸುಧಾರಣೆ ಮುಂದುವರಿಯಿತು. ಒಂದಾದ ಬೋರ್ಡಿಗೆ ರೈಟರೂ ಒಬ್ಬನೇ ಸಾಕು ಎಂದಾಯಿತು. ಮೇಲ್ಹಟ್ಟಿಯ ರೈಟರು ಮೇಲ್ಹಟ್ಟಿಯವನೇ. ನನಗಿಂತ ಚಿಕ್ಕವನು, ಚುರುಕು. ಅವನಿಗೇ ಆಗುತ್ತದೆಂದು ನಾನು ಟ್ರಂಕಿನಲ್ಲಿ ಬಟ್ಟೆ ತುಂಬಿಕೊಂಡೂ ಆಗಿತ್ತು. ಎಲ್ಲಿಗೆ ಹೋಗುವುದೆಂದು ಮಾತ್ರ ಇನ್ನೂ ತೀರ್ಮಾನಿಸಿರಲಿಲ್ಲ. ಸಭೆಯಲ್ಲಿ ಎರಡೂ ಕಡೆಯವರು ಒಂದೇ ದನಿಯಿಂದ ನನ್ನ ಹೆಸರು ಹೇಳಿದರು. ಕಾರಣವನ್ನೂ ಹೇಳಿದರು. ಆ ಹುಡುಗನಿಗೆ ಎಲ್ಲ ಕಡೆ ಅಣ್ಣತಮ್ಮಂದಿರು, ಮಾವಂದಿರು. ಒಂದು ದೀಪದ ಕಂಬ ನೆಡಬೇಕಾದರೂ ನೂರು ಮುಖ ನೋಡಬೇಕು. ಇವರಿಗಾದರೋ ತಮ್ಮವರು ಎಂದು ಯಾರೂ ಇಲ್ಲ, ಪಕ್ಷಪಾತ ಮಾಡುವ ಸಂಭವವೇ ಇಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಯೋಗ್ಯತೆಯ ಬಗ್ಗೆ ಸಭೆಯೊಂದು ಆಡಿದ ಒಳ್ಳೆಯ ಮಾತು ಇದೊಂದೇ. ನಿರ್ಣಯವನ್ನು ನಡಾವಳಿಯಲ್ಲಿ ಬರೆದುಕೊಳ್ಳಬೇಕಾದವನು ರೈಟರು. ಬರೆದುಕೊಂಡೆ. ಪದ್ಧತಿಯಂತೆ ಎದ್ದು ನಿಂತು ಗಟ್ಟಿಯಾಗಿ ಓದಿಯೂ ಹೇಳಿದೆ. ಎಲ್ಲರೂ ಸರಿಯಾಗಿದೆ ಎಂದರು.